ನೀರಿಗಿಳಿದವರ ಪಟ್ಟಿ

ನನ್ನ ಹೆಂಡತಿ ಈಜು ಕಲಿಯಲು ಹೊರಟಾಗ ಅವಳಿಗೆ ನಲವತ್ತಮೂರು. ವಿಜಯನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವಳು ಹೊಲಿಗೆ ಕ್ಲಾಸ್ ನಡೆಸುತ್ತಾಳೆ. ವರ್ಷಗಟ್ಟಲೆ ಮೆಷಿನ್ ತುಳಿದು ಮಂಡಿ ಸವೆದಿತ್ತು. ನಡೆಯುವುದಕ್ಕಿಂತ ನೀರಿನಲ್ಲಿ ಕಾಲಾಡಿಸುವುದು ಒಳ್ಳೆಯದು ಎಂದರು ಡಾಕ್ಟರು. ಬಸವೇಶ್ವರನಗರದ ಈಜುಕೊಳದಲ್ಲಿ ಬೆಳಗ್ಗೆ ಹೆಂಗಸರ ಬ್ಯಾಚ್ ಇದೆ ಎಂದು ಅವಳೇ ವಿಚಾರಿಸಿಕೊಂಡು ಬಂದಳು. ನಾನು ಬೇಡ ಎಂದೆ. ಯಾಕೆ ಎಂದು ಕೇಳಿದಳು. ಸುಮ್ಮನೆ ಪೇಪರ್ ತಿರುವಿಹಾಕಿದೆ.

ಕಾರಣ ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ನಾನು ಹುಟ್ಟಿ ಬೆಳೆದದ್ದು ದಾವಣಗೆರೆ ಕಡೆ. ಊರ ಪಕ್ಕದಲ್ಲೇ ಭದ್ರಾ ನಾಲೆ. ಒಂಬತ್ತನೇ ವಯಸ್ಸಿನಲ್ಲಿ, ಬೇಸಿಗೆ ರಜೆಯ ಒಂದು ಮಧ್ಯಾಹ್ನ, ದೊಡ್ಡಪ್ಪನ ಮಗ ತನ್ನ ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟು ನಾಲೆಗೆ ಜಿಗಿದ. ನಾನು ಅಂಗಿ ಹಿಡಿದುಕೊಂಡು ಏರಿಯ ಮೇಲೆ ನಿಂತಿದ್ದೆ. ಅವನು ಈಗ ಏಳುತ್ತಾನೆ, ಈಗ ಏಳುತ್ತಾನೆ ಎಂದು ಕಾಯುತ್ತಲೇ ಇದ್ದೆ. ಆಟ ಆಡಿಸುತ್ತಿದ್ದಾನೆ ಅಂದುಕೊಂಡು ಯಾರನ್ನೂ ಕೂಗಲಿಲ್ಲ. ಮೂರನೇ ದಿನ ಕೆಳಗಿನ ತೂಬಿನ ಹತ್ತಿರ ಸಿಕ್ಕ. ಅಂದಿನಿಂದ ಮಂಡಿಗಿಂತ ಮೇಲಿನ ನೀರಿಗೆ ನಾನು ಇಳಿದಿಲ್ಲ.

ಅವಳು ಮಾತ್ರ ಮೀನಿನ ಹಾಗೆ ಕಲಿತಳು. ಕಲಿಸುತ್ತಿದ್ದವರು ನಿವೃತ್ತ ಪಿ.ಟಿ. ಮೇಷ್ಟ್ರು, ಅರವತ್ತು ದಾಟಿದ್ದರೂ ಎದೆ ಹಲಗೆಯ ಹಾಗಿದ್ದ ಮನುಷ್ಯ. ಆ ಬ್ಯಾಚಿನವರೆಲ್ಲ ಒಮ್ಮೆ ಮುರ್ಡೇಶ್ವರಕ್ಕೆ ಪ್ರವಾಸ ಹೋದರು. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳ ನೋಡಿ ಬಂದರು. ಬಣ್ಣದ ಮೀನಿನ ಕಥೆ ಹೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಹೇಳಿದ್ದು ಬೇರೆ.

"ರೀ, ಹವಳದ ಮೇಲೆ ಒಂದು ಬಲೆ ಬಿದ್ದಿದೆ. ಹರಿದು ಬಂದಿದ್ದು, ಯಾರ್ದೋ ಏನೋ. ಅದರೊಳಗೆ ಮೀನು ಸಿಕ್ಕೊಂಡು ಸಾಯ್ತಾನೇ ಇದಾವೆ. ಅದನ್ನ ತಿನ್ನೋಕೆ ಬಂದ ಏಡಿನೂ ಸಿಕ್ಕೊಂಡಿದೆ. ಹಿಡಿಯೋರೂ ಇಲ್ಲ, ತಿನ್ನೋರೂ ಇಲ್ಲ, ಬಲೆ ಮಾತ್ರ ತನ್ನ ಪಾಡಿಗೆ ಹಿಡೀತಾ ಇದೆ."

ಅದನ್ನು ಕೇಳಿದಾಗಲೇ ಇವಳು ಮತ್ತೆ ಹೋಗುತ್ತಾಳೆ ಎಂದು ಗೊತ್ತಾಯಿತು.

ಒಂದೇ ವರ್ಷದಲ್ಲಿ ಅದೊಂದು ಗುಂಪಾಯಿತು. ಮೇಷ್ಟ್ರು, ನನ್ನ ಹೆಂಡತಿ, ಮಹಾಲಕ್ಷ್ಮಿ ಲೇಔಟಿನ ಒಬ್ಬ ಔಷಧಿ ಅಂಗಡಿಯವರು, ಜ್ಞಾನಭಾರತಿಯಲ್ಲಿ ಓದುವ ಇಬ್ಬರು ಹುಡುಗಿಯರು. ಕ್ರಮವಾಗಿ ತರಬೇತಿ ತೆಗೆದುಕೊಂಡು, ಪರೀಕ್ಷೆ ಕೊಟ್ಟು, ಅನುಮತಿ ಪಡೆದು, ಮಳೆಗಾಲ ಮುಗಿದ ಮೇಲೆ ನೇತ್ರಾಣಿಗೆ ಹೋಗಿ ಹವಳಕ್ಕೆ ಸುತ್ತಿಕೊಂಡ ಬಲೆ, ಹಗ್ಗ, ಪ್ಲಾಸ್ಟಿಕ್ ಬಿಡಿಸಿ ತರುವುದು ಅವರ ಕೆಲಸ. ಉಳಿದ ತಿಂಗಳುಗಳಲ್ಲಿ ಭಾನುವಾರ ಬೆಳಗ್ಗೆ ಕೆಂಗೇರಿಯ ಹತ್ತಿರ ವೃಷಭಾವತಿಗೆ ಸೇರುವ ರಾಜಕಾಲುವೆಗೆ ಅಡ್ಡ ಜಾಲರಿ ಕಟ್ಟಿ, ತೇಲಿ ಬರುವ ಕವರು, ಬಾಟಲಿ ಎತ್ತುತ್ತಿದ್ದರು. ಎತ್ತದಿದ್ದರೆ ಎಲ್ಲವೂ ಕೊನೆಗೆ ಸಮುದ್ರಕ್ಕೇ ಎಂಬುದು ಅವರ ವಾದ.

ನಾನು ಕಚೇರಿಯಲ್ಲಿ ಟಪಾಲು ವಿಭಾಗದ ಗುಮಾಸ್ತ. ಬಂದ ಕಾಗದ, ಹೋದ ಕಾಗದ ಬರೆದಿಡುವವನು. ತಪ್ಪು ಹುಡುಕುವ ಚಾಳಿ ನನ್ನದು. "ಈ ನೀರು ಅರ್ಕಾವತಿಗೆ ಹೋಗಿ, ಕಾವೇರಿ ಸೇರಿ, ಪೂರ್ವದ ಸಮುದ್ರಕ್ಕೆ ಬೀಳೋದು ಕಣೇ. ನಿನ್ನ ನೇತ್ರಾಣಿ ಇರೋದು ಪಶ್ಚಿಮಕ್ಕೆ," ಎಂದೆ ಒಂದು ದಿನ.

"ಹೌದಾ? ಪೂರ್ವದ ಸಮುದ್ರದಲ್ಲಿ ಹವಳ ಇಲ್ವಾ?" ಎಂದಳು ಕೈಗವಸು ಹಾಕಿಕೊಳ್ಳುತ್ತಾ.

ಕೆಲವು ದಿನಕ್ಕೆ ನಾನೂ ಗುಂಪಿಗೆ ಸೇರಿದೆ. ಒಳ್ಳೆಯ ಕೆಲಸ ಎಂದಲ್ಲ. ಅವಳು ನೀರಿನಲ್ಲಿರುವಾಗ ಮನೆಯಲ್ಲಿ ಕೂತು ಫೋನ್ ನೋಡುವುದಕ್ಕಿಂತ ದಡದ ಮೇಲೆ ನಿಲ್ಲುವುದು ವಾಸಿ ಎನಿಸಿತು. ನನಗೆ ಮೇಷ್ಟ್ರು ಒಂದು ಕೆಲಸ ಕೊಟ್ಟರು. ದೋಣಿಯ ಮೇಲೆ ಕೂತು, ಯಾರು ಎಷ್ಟು ಗಂಟೆಗೆ ನೀರಿಗಿಳಿದರು, ಎಷ್ಟು ಗಂಟೆಗೆ ಹತ್ತಿದರು ಎಂದು ಬರೆಯುವುದು. "ನಿಮ್ಮ ಇನ್‌ವರ್ಡು, ಔಟ್‌ವರ್ಡು ಇದ್ದಂಗೇ ಸಾರ್," ಎಂದು ನಕ್ಕರು. "ಒಂದೇ ವ್ಯತ್ಯಾಸ. ಇಲ್ಲಿ ಎರಡೂ ಸರಿ ಹೊಂದ್ಲೇಬೇಕು."

ಅವರು ನಕ್ಕರು. ನನಗೆ ನಗು ಬರಲಿಲ್ಲ.

ಆ ವರ್ಷ ನಾವು ಹೋದದ್ದು ದೀಪಾವಳಿ ಕಳೆದ ಮೇಲೆ. ಮುರ್ಡೇಶ್ವರದಿಂದ ಬೆಳಗ್ಗೆ ದೋಣಿ ಹೊರಟಿತು. ದೋಣಿ ನಡೆಸುವ ತಾಂಡೇಲ ಐವತ್ತರ ಆಸುಪಾಸಿನವನು, ಮಾತು ಕಡಿಮೆ. ಜೊತೆಗೆ ಡೈವಿಂಗ್ ತರಬೇತುದಾರ. ದಡ ಸಣ್ಣದಾಗುತ್ತಾ ಹೋದಂತೆ ನಾನು ಹಲಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ನೀರಿನ ಬಣ್ಣ ಹಸಿರಿನಿಂದ ಕಡುನೀಲಿಗೆ ತಿರುಗಿತು. ಕೆಳಗೆ ಎಷ್ಟು ಆಳವಿದೆ ಎಂದು ಕೇಳಬಾರದು ಅಂದುಕೊಂಡರೂ ಕೇಳಿಬಿಟ್ಟೆ. ತಾಂಡೇಲ ನನ್ನ ಕೈಗಳನ್ನು ನೋಡಿದ. "ದೋಣಿಗೆ ಆಳ ಯಾಕೆ ಮಾರಾಯ್ರೆ? ಅದು ಮೇಲೇ ಇರ್ತದೆ," ಎಂದ.

ನೇತ್ರಾಣಿಯಲ್ಲಿ ಮನೆಗಳಿಲ್ಲ, ಮರಳಿನ ದಡವೂ ಇಲ್ಲ. ನೀರಿನಿಂದ ನೇರ ಎದ್ದ ಕಪ್ಪು ಬಂಡೆ, ಅದರ ಮೇಲೆ ಕಾಡು. ಹದ್ದುಗಳು ಸುತ್ತುತ್ತಿದ್ದವು. ಬಂಡೆಯ ಮರೆಯಲ್ಲಿ ಲಂಗರು ಹಾಕಿದರು. ಎಲ್ಲರೂ ಕಪ್ಪು ಉಡುಪಿನೊಳಗೆ ಸೇರಿಕೊಂಡರು. ನನ್ನ ಹೆಂಡತಿ ತೊಡೆಗೆ ಕಟ್ಟಿಕೊಂಡ ಚೀಲದಲ್ಲಿ ದಪ್ಪ ಕತ್ತರಿ ಇತ್ತು. ಬಲೆ ಕತ್ತರಿಸುವುದರಲ್ಲಿ ಅವಳ ಕೈಚಳಕ ಬೇರೆ ಯಾರಿಗೂ ಬಾರದು ಎಂದು ಗುಂಪಿನಲ್ಲಿ ಹೆಸರಿತ್ತು. ಬಟ್ಟೆಯ ಎಳೆ ನೋಡಿ ಕತ್ತರಿಸಿದ ಅಭ್ಯಾಸ. ಹವಳಕ್ಕೆ ಪೆಟ್ಟಾಗದ ಹಾಗೆ ಬಲೆಯ ಒಂದೊಂದೇ ಕಣ್ಣು ಬಿಡಿಸುತ್ತಿದ್ದಳಂತೆ.

"ಎಷ್ಟೊತ್ತು?" ಎಂದು ಕೇಳಿದೆ.

"ನಲವತ್ತು ನಿಮಿಷ. ಸುಮ್ಮನೆ ವಾಚ್ ನೋಡ್ಕೊಂಡು ಕೂರ್ಬೇಡಿ ರೀ. ಆ ಹದ್ದು ನೋಡಿ."

ಆರು ಜನ ಇಳಿದರು. ತರಬೇತುದಾರ ಮೊದಲು, ಮೇಷ್ಟ್ರು ಮತ್ತು ನನ್ನ ಹೆಂಡತಿ ಜೋಡಿಯಾಗಿ ಕೊನೆಗೆ. ಒಂಬತ್ತು ಇಪ್ಪತ್ತು. ಬರೆಯುವ ಹಲಗೆಯ ಮೇಲೆ ಪೆನ್ಸಿಲಿನಿಂದ ಆರು ಹೆಸರಿನ ಮುಂದೆಯೂ ಗೆರೆ ಎಳೆದೆ. ನೀರಿನ ಮೇಲೆ ಗುಳ್ಳೆಗಳ ಗುಂಪು ಬಂಡೆಯ ಕಡೆಗೆ ಸರಿಯುತ್ತಾ ಹೋಯಿತು. ಗುಳ್ಳೆ ಕಾಣುವವರೆಗೂ ಉಸಿರಿದೆ. ನಾನು ಹದ್ದು ನೋಡಲಿಲ್ಲ.

ಸುಮಾರು ಅರ್ಧ ಗಂಟೆಯ ಹೊತ್ತಿಗೆ ಗಾಳಿ ಎದ್ದಿತು. ಅಲೆಯ ಮೇಲೆ ಬಿಳಿ ನೊರೆ ಕಾಣಿಸಿಕೊಂಡು, ಯಾವುದು ನೊರೆ, ಯಾವುದು ಗುಳ್ಳೆ ಎಂದು ನನಗೆ ಗೊತ್ತಾಗದೆ ಹೋಯಿತು. ಹತ್ತು ಗಂಟೆಗೆ ಎರಡು ನಿಮಿಷವಿರುವಾಗ ದೋಣಿಯ ಪಕ್ಕದಲ್ಲಿ ಒಂದು ತಲೆ ಎದ್ದಿತು. ಆಮೇಲೆ ಇನ್ನೊಂದು. ಹುಡುಗಿಯರು. ಆಮೇಲೆ ಔಷಧಿ ಅಂಗಡಿಯವರು. ಕೊನೆಗೆ ತರಬೇತುದಾರ. ಅವನು ಏಣಿ ಹತ್ತಲಿಲ್ಲ. ಬಾಯಿಂದ ನಳಿಕೆ ತೆಗೆದು, "ಅವರಿಬ್ರು ಬಂದ್ರಾ?" ಎಂದು ಕೇಳಿದ.

ಆ ಪ್ರಶ್ನೆ ನಾನು ಅವನನ್ನು ಕೇಳಬೇಕಿತ್ತು.

ಹುಡುಗಿಯರಲ್ಲಿ ಒಬ್ಬಳು ನಡುಗುತ್ತಾ ಹೇಳಿದಳು. ಬಲೆಯ ದೊಡ್ಡ ಭಾಗ ಒಮ್ಮೆಲೇ ಕಳಚಿಕೊಂಡಿತಂತೆ. ತಳದ ಮಣ್ಣೆಲ್ಲ ಎದ್ದು ನೀರು ಕದಡಿತಂತೆ. ಕೈ ಚಾಚಿದರೆ ತನ್ನ ಕೈಯೇ ಕಾಣುತ್ತಿರಲಿಲ್ಲವಂತೆ. ತಿಳಿಯಾದಾಗ ಮೇಷ್ಟ್ರೂ ಇರಲಿಲ್ಲ, ಆಂಟಿಯೂ ಇರಲಿಲ್ಲ. ನಿಯಮದಂತೆ ತರಬೇತುದಾರ ಒಂದು ನಿಮಿಷ ಹುಡುಕಿ, ಉಳಿದವರನ್ನು ಕರೆದುಕೊಂಡು ಮೇಲೆ ಬಂದಿದ್ದ.

ತರಬೇತುದಾರ ಬೇರೆ ಸಿಲಿಂಡರ್ ಹಾಕಿಕೊಂಡು ಮತ್ತೆ ಮುಳುಗಿದ. ಹುಡುಗಿಯರನ್ನು ಜೊತೆಗೆ ಬರಬೇಡಿ ಎಂದು ಗದರಿದ. ನಾನು ಗಡಿಯಾರ ನೋಡಿದೆ. ಹತ್ತು ಗಂಟೆ ನಾಲ್ಕು ನಿಮಿಷ. ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ ಎಂದು ನನಗೆ ಗೊತ್ತಿತ್ತು. ಶಾಂತವಾಗಿ ಉಸಿರಾಡಿದರೆ ಒಂದು ಗಂಟೆ. ಹೆದರಿದರೆ ಅಷ್ಟಿಲ್ಲ. ಮೇಷ್ಟ್ರು ದೊಡ್ಡ ಆಳು, ಅವರಿಗೆ ಇನ್ನೂ ಕಡಿಮೆ. ಈ ಲೆಕ್ಕವನ್ನು ಮನಸ್ಸು ತಾನೇ ಮಾಡುತ್ತಿತ್ತು, ಬೇಡ ಎಂದರೂ ನಿಲ್ಲುತ್ತಿರಲಿಲ್ಲ.

ನಾನು ಎದ್ದು ನಿಂತು ಅವಳ ಹೆಸರು ಹಿಡಿದು ಕೂಗಿದೆ. ಮದುವೆಯಾದ ಮೇಲೆ ಜನರೆದುರಿಗೆ ಹಾಗೆ ಹೆಸರು ಕೂಗಿದ್ದು ಅದೇ ಮೊದಲು. ಬಂಡೆಗೆ ಬಡಿದು ನನ್ನದೇ ದನಿ ವಾಪಸ್ ಬಂತು. ನೀರಿನ ಕೆಳಗೆ ಅದು ಕೇಳಿಸುವುದಿಲ್ಲ ಎಂದು ಗೊತ್ತಿದ್ದೂ ಕೂಗಿದೆ. ಔಷಧಿ ಅಂಗಡಿಯವರು ನನ್ನ ಭುಜ ಹಿಡಿದು ಕೂರಿಸಿದರು.

ಹತ್ತು ಹತ್ತಕ್ಕೆ ತರಬೇತುದಾರ ಒಬ್ಬನೇ ಮೇಲೆ ಬಂದ. ಬಲೆ ಇದ್ದ ಜಾಗ ಸಿಕ್ಕಿದೆ, ಅಲ್ಲಿ ಕತ್ತರಿಸಿದ ಹಗ್ಗ ಇದೆ, ಜನ ಇಲ್ಲ ಎಂದ. "ಸೆಳೆತ ಈ ಕಡೆ ಇದೆ," ಎಂದು ದ್ವೀಪದ ಮೂಲೆ ತೋರಿಸಿದ. ತಾಂಡೇಲ ಅಷ್ಟರಲ್ಲೇ ಲಂಗರು ಎಳೆಯುತ್ತಿದ್ದ.

"ಆಚೆ ಬದಿ ಹೋಗುವ. ನೀರು ಎಳೆದ್ರೆ ಅಲ್ಲೇ ಎಳೀಬೇಕು," ಎಂದ ತಾಂಡೇಲ. ಆಮೇಲೆ ನನ್ನ ಕಡೆ ತಿರುಗಿ, "ನೀವು ಬಲಗಡೆ ನೋಡಿ ಸಾರ್. ಕಿತ್ತಳೆ ಬಣ್ಣ ಕಂಡ್ರೆ ಹೇಳಿ. ಬೇರೆ ಏನೂ ಯೋಚ್ನೆ ಮಾಡ್ಬೇಡಿ," ಎಂದ.

ಬಂಡೆಯ ಮೂಲೆ ತಿರುಗುತ್ತಿದ್ದಂತೆ ದೋಣಿ ಅಡ್ಡಡ್ಡ ಹೊಯ್ದಾಡಿತು. ಆ ಬದಿಯಲ್ಲಿ ಅಲೆ ಇನ್ನೂ ಎತ್ತರ. ನಾನು ಯಾವುದನ್ನೂ ಹಿಡಿದುಕೊಂಡಿರಲಿಲ್ಲ. ಕಣ್ಣಿಗೆ ಉಪ್ಪುನೀರು ಹಾರುತ್ತಿತ್ತು, ಒರೆಸಿದರೆ ಆ ಕ್ಷಣದಲ್ಲಿ ಏನಾದರೂ ತಪ್ಪಿಹೋದೀತೆಂದು ಒರೆಸಲಿಲ್ಲ. ಎಲ್ಲೋ ಒಂದು ಸೀಟಿ ಕೇಳಿದ ಹಾಗಾಯಿತು. ಹದ್ದಿರಬಹುದು ಅಂದುಕೊಂಡೆ. ಮತ್ತೆ ಕೇಳಿತು. ಒಂದು ಅಲೆ ಇಳಿದಾಗ ದೂರದಲ್ಲಿ ಕಿತ್ತಳೆ ಬಣ್ಣದ, ಮೊಳದಷ್ಟು ಉದ್ದದ್ದೇನೋ ನಿಗುರಿ ನಿಂತದ್ದು ಕಂಡಿತು. ಮುಳುಗುವವರು ಗುರುತಿಗೆ ಊದಿ ಎತ್ತುವ ರಬ್ಬರ್ ಕೊಳವೆ ಅದು. ಅದರ ಪಕ್ಕದಲ್ಲಿ ಒಂದು ತಲೆ.

ಒಂದೇ ತಲೆ.

ಮುಂದೆ ನಡೆದದ್ದನ್ನು ಬರೆಯಲು ನನಗೆ ಇಷ್ಟವಿಲ್ಲ. ಆದರೆ ಇದನ್ನು ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಆ ತಲೆ ಅವಳದೇ ಆಗಿರಲಿ ಎಂದು ನಾನು ಬೇಡಿಕೊಂಡೆ. ಕೊರಳಲ್ಲಿದ್ದ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಬೇಡಿಕೊಂಡೆ. ಹಾಗೆ ಬೇಡಿಕೊಳ್ಳುವಾಗ ಏನು ಕೇಳುತ್ತಿದ್ದೇನೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ದೋಣಿ ಹತ್ತಿರವಾಯಿತು. ಅಗಲವಾದ ಭುಜ ಕಂಡಿತು. ಮೇಷ್ಟ್ರು. ಅವರ ಮುಖ ಆಕಾಶಕ್ಕೆ ತಿರುಗಿತ್ತು, ಬಾಯಿ ತೆರೆದಿತ್ತು, ಉಸಿರಾಡುತ್ತಿದ್ದರು. ಆ ಮನುಷ್ಯ ಬದುಕಿರುವುದನ್ನು ಕಂಡು ನನ್ನೊಳಗೆ ಎದ್ದದ್ದು ದ್ವೇಷ. ಬೇರೆ ಹೆಸರು ಅದಕ್ಕಿಲ್ಲ. ನನ್ನ ಹೆಂಡತಿಗೆ ಈಜು ಕಲಿಸಿದವರು, ಮಗಳ ಹಾಗೆ "ಏನಮ್ಮಾ" ಎಂದು ಕರೆಯುತ್ತಿದ್ದವರು. ನೀನ್ಯಾಕೆ ಎದ್ದು ಬಂದೆ ಎಂದು ಮನಸ್ಸು ಏಕವಚನದಲ್ಲಿ ಕೇಳುತ್ತಿತ್ತು.

ಆಗ ಇನ್ನೊಂದು ಅಲೆ ಅವರನ್ನು ಎತ್ತಿತು. ಅವರ ಹಿಂದೆ, ಅವರ ಕಂಕುಳಿಗೆ ಕೈ ಹಾಕಿ, ಆ ಭಾರದ ದೇಹವನ್ನು ಮೇಲೆ ಹಿಡಿದುಕೊಂಡು, ತಾನು ಗದ್ದದವರೆಗೆ ನೀರಿನಲ್ಲಿ ಮುಳುಗಿ, ಅವಳಿದ್ದಳು. ಹಲ್ಲಿನ ನಡುವೆ ಸೀಟಿ ಇತ್ತು.

ಅವರಿಬ್ಬರನ್ನು ಎತ್ತಲು ನಾಲ್ಕು ಜನ ಬೇಕಾಯಿತು. ಮೇಷ್ಟ್ರ ಕುತ್ತಿಗೆಯ ಮೇಲೆ ಹಗ್ಗ ಕೊರೆದ ಕೆಂಪು ಗಾಯ ಇತ್ತು. ದೋಣಿಯಲ್ಲಿದ್ದ ಆಕ್ಸಿಜನ್ ಕೊಟ್ಟರು. ನನ್ನ ಹೆಂಡತಿ ಹಲಗೆಗೆ ಒರಗಿ ಕೂತಳು. ನಾನು ಅವಳ ಪಾದ ಹಿಡಿದುಕೊಂಡು ಕೂತೆ. ಮಂಜುಗಡ್ಡೆಯ ಹಾಗಿದ್ದವು. ದಡ ಸೇರುವವರೆಗೂ ಬಿಡಲಿಲ್ಲ.

ನಡೆದದ್ದು ಇಷ್ಟು. ಕಳಚಿದ ಬಲೆ ಮೇಷ್ಟ್ರ ಬೆನ್ನ ಮೇಲೆ ಬಿದ್ದು, ಸಿಲಿಂಡರಿನ ತಿರುಪಿಗೂ ಕುತ್ತಿಗೆಗೂ ಸುತ್ತಿಕೊಂಡಿತ್ತು. ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ಬಿಗಿಯಿತು. ಕದಡಿದ ನೀರಿನಲ್ಲಿ ನನ್ನ ಹೆಂಡತಿ ತಡಕಾಡಿ, ಕೈ ಸ್ಪರ್ಶದಲ್ಲೇ ಎಳೆ ಹುಡುಕಿ ಕತ್ತರಿಸಿದಳು. ಅಷ್ಟರಲ್ಲಿ ಅವರಿಬ್ಬರನ್ನೂ ಬಲೆಯ ಸಮೇತ ಸೆಳೆತ ಬಂಡೆಯಾಚೆಗೆ ಎಳೆದಿತ್ತು. ಮೇಷ್ಟ್ರ ಗಾಳಿ ಮುಗಿದಾಗ ತನ್ನ ಹೆಚ್ಚುವರಿ ನಳಿಕೆಯನ್ನು ಅವರ ಬಾಯಿಗಿಟ್ಟು, ಒಂದೇ ಸಿಲಿಂಡರಿನಲ್ಲಿ ಇಬ್ಬರೂ ಮೇಲೆ ಬಂದಿದ್ದರು. ದಡದಲ್ಲಿ ಡಾಕ್ಟರು ನೋಡಿ, ಒಂದು ರಾತ್ರಿ ಇರಿಸಿಕೊಂಡು ಕಳಿಸಿದರು. ಮೇಷ್ಟ್ರಿಗೆ ಒಂದು ಕಿವಿ ಮಂದವಾಯಿತು. ಇನ್ನು ನೀರಿಗಿಳಿಯಬೇಡಿ ಎಂದರು.

ಮರುವಾರ ಬಸವೇಶ್ವರನಗರದ ಅವರ ಮನೆಗೆ ನೋಡಲು ಹೋದೆವು. ಮೇಷ್ಟ್ರ ಹೆಂಡತಿ ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡರು. "ನೀವು ದೋಣಿ ಮೇಲೆ ಇದ್ರಲ್ಲಪ್ಪಾ, ಅದೇ ಧೈರ್ಯ ನಂಗೆ. ನಮ್ಮನೆಯವ್ರ ಹೆಸರು ಬರ್ಕೊಂಡು, ಬಂದ್ರಾ ಇಲ್ವಾ ಅಂತ ನೋಡೋಕೆ ಒಬ್ರು ಇದಾರೆ ಅಂತ," ಎಂದರು. ಕೈ ಬಿಡಿಸಿಕೊಳ್ಳಬೇಕು ಅನಿಸಿತು, ಆಗಲಿಲ್ಲ. ತಟ್ಟೆಯಲ್ಲಿ ಒಬ್ಬಟ್ಟು ಹಾಕಿ ತುಪ್ಪ ಸುರಿದರು. ಮೇಷ್ಟ್ರು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಎದುರಿಗೆ ಕೂತು, "ತಿನ್ನಿ ಸಾರ್, ಯಾಕೆ ಹಂಗೆ ಕೂತಿದೀರಾ?" ಎಂದರು. ಪ್ರತಿ ತುತ್ತಿಗೂ ನೀರು ಕುಡಿದು ನುಂಗಿದೆ.

ನನಗೆ ಸಮುದ್ರದ ಭಯ ಹೊಸದಲ್ಲ. ಆ ದಿನದಿಂದ ಇನ್ನೊಂದು ಭಯ ಸೇರಿಕೊಂಡಿತು. ಕಚೇರಿಯಲ್ಲಿ ಸಹೋದ್ಯೋಗಿಯ ಜೊತೆ ಟೀ ಕುಡಿಯುವಾಗ, ಬಸ್ಸಿನಲ್ಲಿ ಪಕ್ಕದವರಿಗೆ ಜಾಗ ಬಿಡುವಾಗ, ನಾನು ಎಂಥವನು ಎಂಬ ಯೋಚನೆ ಬರುತ್ತಿತ್ತು. ಸಮಯ ಬಂದರೆ ಇವರಲ್ಲಿ ಯಾರ ಸಾವನ್ನಾದರೂ ನಾನು ಬೇಡಿಕೊಳ್ಳಬಲ್ಲೆ ಅನಿಸುತ್ತಿತ್ತು.

ಎರಡು ತಿಂಗಳು ಅವಳು ಎಲ್ಲಿಗೂ ಹೋಗಲಿಲ್ಲ. ಆಮೇಲೆ ಒಂದು ಭಾನುವಾರ ಕೈಗವಸು ಹುಡುಕತೊಡಗಿದಳು. ಇಬ್ಬರೂ ಮೆಟ್ರೋ ಹತ್ತಿ ಕೆಂಗೇರಿಗೆ ಹೋದೆವು. ಕಾಲುವೆಯಲ್ಲಿ ಕಪ್ಪು ನೀರು, ಮೇಲೆ ಸೋಪಿನಂಥ ನೊರೆ. ಮೇಷ್ಟ್ರೂ ಬಂದಿದ್ದರು. ದಡದ ಮೇಲೆ ನಿಂತು ಗೋಣಿಚೀಲ ಹಿಡಿಯುತ್ತಿದ್ದರು. ಒಂಬತ್ತರ ಬಿಸಿಲಿಗೆ ಎಲ್ಲರೂ ಟೀ ಅಂಗಡಿಗೆ ಹೋದಾಗ ನಾವಿಬ್ಬರೇ ಕಲ್ಲುಚಪ್ಪಡಿಯ ಮೇಲೆ ಕೂತಿದ್ದೆವು. ನಾನು ಹೇಳಿಬಿಟ್ಟೆ. ಒಂದೇ ತಲೆ ಕಂಡದ್ದು, ಬೇಡಿಕೊಂಡದ್ದು, ಮೇಷ್ಟ್ರ ಮುಖ ಕಂಡಾಗ ಅನಿಸಿದ್ದು, ಎಲ್ಲ.

ಅವಳು ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಬಿಚ್ಚಿದಳು.

"ಕೆಳಗೆ ನಾನು ಎರಡು ಸಲ ಅವ್ರನ್ನ ಬಿಟ್ಟು ಬಂದ್ಬಿಡೋಣ ಅಂದ್ಕೊಂಡೆ ರೀ," ಎಂದಳು.

ನಾನು ಅವಳ ಕಡೆ ತಿರುಗಿದೆ.

"ಗಾಳಿ ತೋರಿಸೋ ಗೇಜು ಇಳೀತಾ ಇತ್ತು. ಅವ್ರು ಒದ್ದಾಡ್ತಾ ನನ್ನ ಮಾಸ್ಕ್‌ಗೆ ಹೊಡೆದ್ರು. ಸಿಟ್ಟು ಬಂತು. ಸಾಯ್ಲಿ ಅಂತ ಒಂದು ಸಲ ಕೈ ಬಿಟ್ಟೂ ಬಿಟ್ಟೆ. ಒಂದು ಮಾರು ಮೇಲೂ ಬಂದೆ. ಆಮೇಲೆ ಏನಾಯ್ತೋ, ಕತ್ತರಿ ಕೈಯಲ್ಲೇ ಇತ್ತು. ವಾಪಸ್ ಹೋದೆ. ಒಳ್ಳೇತನ ಅಂತೇನಲ್ಲ. ಅರ್ಧ ಕತ್ತರಿಸಿದ್ದನ್ನ ಬಿಟ್ಟು ಬರೋಕೆ ಆಗ್ಲಿಲ್ಲ ಅಷ್ಟೇ."

"ಮೇಷ್ಟ್ರಿಗೆ ಗೊತ್ತಾ?"

"ಗೊತ್ತಿರುತ್ತೆ. ಕೈ ಬಿಟ್ಟಿದ್ದು ಅವ್ರಿಗೆ ಗೊತ್ತಾಗದೆ ಇರುತ್ತಾ?"

ರಸ್ತೆಯಾಚೆ ಟೀ ಅಂಗಡಿಯ ಮುಂದೆ ಮೇಷ್ಟ್ರು ಎರಡು ಲೋಟ ಹಿಡಿದು ನಮ್ಮ ಕಡೆ ಬರುತ್ತಿದ್ದರು. ಕೇಳದ ಕಿವಿಯ ಕಡೆಯಿಂದ ಒಂದು ಆಟೋ ಹಾರ್ನ್ ಹೊಡೆಯುತ್ತಾ ಬಂತು. ನಾನು "ಮೇಷ್ಟ್ರೇ!" ಎಂದು ಚೀರಿ ಓಡಿದೆ. ಅವರ ತೋಳು ಹಿಡಿದು ಎಳೆದಾಗ ಟೀ ನನ್ನ ಅಂಗಿಯ ಮೇಲೆಲ್ಲ ಚೆಲ್ಲಿತು. ಆಟೋದವನು ಬೈದುಕೊಂಡು ಹೋದ. "ಏನ್ ಸಾರ್ ಇಷ್ಟು ಹೆದ್ರುಕೊಂಡ್ರಿ? ಇನ್ನೂ ದೂರ ಇತ್ತು," ಎಂದು ಮೇಷ್ಟ್ರು ನಕ್ಕರು. ಅವರ ತೋಳು ಬಿಡಲು ಸ್ವಲ್ಪ ಹೊತ್ತು ಹಿಡಿಯಿತು.

ಆಮೇಲೆ ಎರಡು ಸಲ ನೇತ್ರಾಣಿಗೆ ಹೋಗಿದ್ದೇವೆ. ದೊಡ್ಡ ಬಲೆಯನ್ನು ಒಂದೇ ಸಲಕ್ಕೆ ಬಿಡಿಸುವುದಿಲ್ಲ, ಜೋಡಿಗಳು ಒಂದಕ್ಕೊಂದು ಕಾಣುವಷ್ಟು ಹತ್ತಿರವೇ ಇರಬೇಕು ಎಂದು ನಿಯಮ ಬಿಗಿ ಮಾಡಿದ್ದಾರೆ. ಮೇಷ್ಟ್ರು ಈಗ ದೋಣಿಯಲ್ಲಿ ನನ್ನ ಪಕ್ಕ ಕೂರುತ್ತಾರೆ. ನನ್ನ ಭಯ ಒಂದಿಷ್ಟೂ ಕಡಿಮೆಯಾಗಿಲ್ಲ. ಹೊರಡುವ ಹಿಂದಿನ ದಿನದಿಂದಲೇ ಊಟ ಸೇರುವುದಿಲ್ಲ. ಕಳೆದ ಸಲ ಅವಳು ಮುಳುಗಿದಾಗ ನನಗೆ ಭಯವಾಗುತ್ತಿದೆ ಎಂದು ಬಾಯಿಬಿಟ್ಟು ಹೇಳಿದೆ. ಮೇಷ್ಟ್ರಿಗೆ ಕೇಳಿಸಲಿಲ್ಲವೇನೋ. ನನ್ನ ಕಡೆ ಸ್ವಲ್ಪ ಸರಿದು ಕೂತು, ಗುಳ್ಳೆಗಳು ಏಳುತ್ತಿದ್ದ ಜಾಗವನ್ನೇ ನೋಡುತ್ತಿದ್ದರು.